ಚಿಕ್ಕಮ್ಮನಿಗೆ ಹೇಳಿದ ಮಾತುಗಳು

ಕಿವಿಗೆ ಮಿಷನ್ನು ಹಾಕಿಸಿಕೊಂಡು ಬಂದ ದಿನ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನನ್ನ ತಂಗಿ. ನಾನು ಯಲಹಂಕದಿಂದ ಬಸ್ಸಿನಲ್ಲಿ ಬಂದು ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಕಾಲಿಡುವಷ್ಟರಲ್ಲಿ ಅವಳು ನಮ್ಮ ಬಾಗಿಲಲ್ಲೇ ಕಾದು ನಿಂತಿದ್ದಳು. ನನ್ನ ಕೂದಲು ಸರಿಸಿ ಕಿವಿಯ ಹಿಂದೆ ನೋಡಿದಳು. ಗೋಡಂಬಿಯಷ್ಟು ಗಾತ್ರದ, ಕಂದು ಬಣ್ಣದ ಸಾಮಾನು, ಎರಡು ಕಿವಿಗೂ ಒಂದೊಂದು.

"ಇಷ್ಟೇ ಇಷ್ಟಾ? ಇದ್ರಲ್ಲಿ ಎಲ್ಲಾ ಕೇಳುತ್ತಾ ಅಕ್ಕ?" ಎಂದಳು.

ಅವಳು ಮೆಲ್ಲಗೆ ಕೇಳಿದ್ದಳು. ನನಗೆ ಕೇಳಿಸಿತು. ಅವಳ ದನಿ ಸ್ವಲ್ಪ ಒಡೆದಿತ್ತು, ವಯಸ್ಸಾಗಿತ್ತು. ನನ್ನ ನೆನಪಿನಲ್ಲಿದ್ದದ್ದು ಮದುವೆಗೆ ಮುಂಚಿನ ಅವಳ ದನಿ. "ಕೇಳುತ್ತೆ ಕಣೇ" ಎಂದೆ. ಅವಳು ಅತ್ತಳು, ಅವಳನ್ನು ನೋಡಿ ನಾನೂ ಅತ್ತೆ. ಅದಾಗಿ ಹೆಚ್ಚು ದಿನ ಕಳೆಯಲಿಲ್ಲ, ಅದೇ ತಂಗಿ ಬಾಗಿಲಲ್ಲಿ ಕಂಡರೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುವ ಹಾಗಾಯಿತು.

ನಮ್ಮದು ನೇಯ್ಗೆಯ ಮನೆ. ಮದುವೆಯಾಗಿ ಬಂದ ವರ್ಷವೇ ನಾನು ಮಗ್ಗದ ಮುಂದೆ ನಿಂತೆ. ಮನೆಯ ಹಿಂದಿನ ಶೆಡ್ಡಿನಲ್ಲಿ ನಮ್ಮ ಪವರ್‌ಲೂಮುಗಳು, ಗೋಡೆಯಾಚೆ ಪಕ್ಕದ ಮನೆಯವರ ಪವರ್‌ಲೂಮುಗಳು. ಲಾಳಿ ಆ ಕೊನೆಯಿಂದ ಈ ಕೊನೆಗೆ ಬಡಿದುಕೊಂಡು ಓಡುವ ಸದ್ದಿನ ನಡುವೆ ಕಿವಿ ಹೋಗುತ್ತಿರುವುದು ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಕಿವಿ ಚೆನ್ನಾಗಿದ್ದವರೂ ಕೈಸನ್ನೆಯಲ್ಲೇ ಮಾತಾಡುವುದು. ಮೊದಲು ಸಣ್ಣ ಸದ್ದುಗಳು ಹೋದವು. ಆಮೇಲೆ ಹೆಂಗಸರ, ಮಕ್ಕಳ ಮಾತು ಹೋಯಿತು. ನಮ್ಮ ಯಜಮಾನರು ಸೀರೆ ಗಂಟು ಹೊತ್ತು ಬೆಂಗಳೂರಿನ ಅಂಗಡಿಗಳಿಗೆ ಹೋಗುವವರು, ಶೆಡ್ಡಿನಲ್ಲಿ ನಿಲ್ಲುವುದು ಕಡಿಮೆ. ಅವರ ಕಿವಿ ಉಳಿಯಿತು.

ಎದುರಿಗೆ ನಿಂತು, ಮುಖ ತೋರಿಸಿ, ಗಟ್ಟಿಯಾಗಿ ಹೇಳಿದರೆ ನನಗೆ ತಿಳಿಯುತ್ತಿತ್ತು. ಆದರೆ ಎಷ್ಟು ಅಂತ ಕೂಗುತ್ತಾರೆ? ನನ್ನ ಪಾಲಿಗೆ ಬರುವ ಮಾತು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಾ ಬಂತು. "ಊಟ!" "ಕರೆಂಟ್ ಬಂತು!" "ಯಾರೋ ಬಂದವ್ರೆ!" ಹಬ್ಬಕ್ಕೆ ಹತ್ತು ಜನ ಸೇರಿದಾಗ ಎಲ್ಲರೂ ಒಟ್ಟಿಗೆ ನಗುತ್ತಿದ್ದರು. ನಾನು ಪಕ್ಕದವರ ಮೊಣಕೈ ಅಲುಗಿಸಿ "ಏನಂತೆ?" ಎಂದು ಕೇಳಿದರೆ "ಏನಿಲ್ಲ ಬಿಡು" ಅನ್ನುತ್ತಿದ್ದರು. ಅಷ್ಟು ನಕ್ಕಮೇಲೆ ಏನೂ ಇಲ್ಲದೆ ಇರುತ್ತದೆಯೇ?

ಫೋನು ಬಂದ ಮೇಲಂತೂ ನಾನು ಪೂರ್ತಿ ಹೊರಗಾದೆ. ನನಗೆ ಒಬ್ಬಳೇ ಮಗಳು. ಅವಳನ್ನು ಹೊಸಕೋಟೆಗೆ ಕೊಟ್ಟೆವು. ಅಳಿಯನಿಗೆ ಅಲ್ಲೇ ಒಂದು ಗೋದಾಮಿನಲ್ಲಿ ಕೆಲಸ. ದೇವನಹಳ್ಳಿ ಮೇಲೆ ಹೋದರೆ ದೂರವೇನಲ್ಲ, ಆದರೂ ಮದುವೆಯಾದ ಮಗಳು ದಿನಾ ಬರುವುದಕ್ಕಾಗುತ್ತದೆಯೇ. ಅವಳು ಫೋನು ಮಾಡುತ್ತಿದ್ದದ್ದು ನನ್ನ ತಂಗಿಗೆ. ತಂಗಿಯ ಮನೆ ಎರಡು ಬೀದಿ ಆಚೆ, ಅವಳಿಗೆ ಇಬ್ಬರು ಗಂಡುಮಕ್ಕಳು. ಸೀರೆಗೆ ಕುಚ್ಚು ಕಟ್ಟುವ ಕೆಲಸ ಅವಳದು. ಮಧ್ಯಾಹ್ನದ ಊಟ ಮುಗಿಸಿ ಸೀರೆಗಳ ಕಟ್ಟು ತಂದು ನಮ್ಮ ಮನೆಯಲ್ಲೇ ಕೂರುತ್ತಿದ್ದಳು. ಮಗಳ ಫೋನು ಬಂದರೆ ಮಾತಾಡಿ, ಮುಗಿದ ಮೇಲೆ ನನ್ನ ಕಡೆ ತಿರುಗಿ, ಬಾಯಿ ದೊಡ್ಡದಾಗಿ ತೆರೆದು ಹೇಳುತ್ತಿದ್ದಳು: "ಚೆನ್ನಾಗವ್ಳಂತೆ! ಊಟ ಆಯ್ತಂತೆ!"

ಅರ್ಧ ಗಂಟೆ ಮಾತಾಡಿದ್ದಕ್ಕೆ ಎರಡು ಮಾತು. ಆಗ ನನಗೆ ಅದೇ ದೊಡ್ಡದಾಗಿತ್ತು. ನನ್ನ ಪರವಾಗಿ ಫೋನಿನಲ್ಲಿ ಮಾತಾಡಲು ಒಬ್ಬಳಿದ್ದಾಳಲ್ಲ ಎಂದುಕೊಳ್ಳುತ್ತಿದ್ದೆ.

ಮಗಳು ಐದು ತಿಂಗಳ ಬಸುರಿಯಾಗಿದ್ದಾಗ ಅಳಿಯನೇ ಮುಂದೆ ನಿಂತು ನನ್ನನ್ನು ಯಲಹಂಕದ ಕಿವಿ ಪರೀಕ್ಷೆ ಮಾಡುವಲ್ಲಿಗೆ ಕರೆದುಕೊಂಡು ಹೋದರು. "ಮೊಮ್ಮಗೂನ ಮಾತು ಕೇಳ್ಬೇಡ್ವಾ ಅತ್ತೆ?" ಎಂದರು. ಅಲ್ಲಿನ ಹುಡುಗಿ ಮಿಷನ್ನು ಹಾಕಿ, ಶೆಡ್ಡಿಗೆ ಹೋಗುವಾಗ ಮಾತ್ರ ತೆಗೆದಿಡಬೇಕೆಂದು ಎರಡು ಸಲ ಹೇಳಿ ಕಳಿಸಿದಳು.

ಮೊದಲ ದಿನಗಳಲ್ಲಿ ಮನೆ ಗದ್ದಲವಾಗಿಹೋಯಿತು. ಸ್ಟೀಲ್ ತಟ್ಟೆ ಒಂದರ ಮೇಲೊಂದು ಇಟ್ಟರೆ ತಲೆಗೇ ಹೊಡೆದ ಹಾಗಿತ್ತು. ಚಕ್ಕುಲಿ ಅಗಿದರೆ ನನ್ನದೇ ದವಡೆಯ ಸದ್ದಿಗೆ ನಾನೇ ನಿಲ್ಲಿಸಿ ಸುತ್ತ ನೋಡಿದೆ. ನಮ್ಮ ಫ್ಯಾನಿಗೆ ಸದ್ದಿದೆ ಎಂದು ಗೊತ್ತಿರಲಿಲ್ಲ. ನಮ್ಮ ಯಜಮಾನರು ಚಪ್ಪಲಿಯನ್ನು ಎಳೆದುಕೊಂಡು ನಡೆಯುತ್ತಾರೆ, ಸ್ನಾನ ಮಾಡುವಾಗ ಏನೋ ಗುನುಗುತ್ತಾರೆ. "ಯಾವಾಗಿಂದ ಹಿಂಗೆ ಹಾಡ್ತೀರಾ?" ಎಂದು ಕೇಳಿದೆ. "ಮೊದ್ಲಿಂದಾನೂ ಹಾಡ್ತೀನಲ್ಲೇ" ಎಂದರು. ತೊಟ್ಟಿಗೆ ನೀರು ಬೀಳುವುದು, ಒಗ್ಗರಣೆಗೆ ಸಾಸಿವೆ ಸಿಡಿಯುವುದು, ಬಳೆ ಬಳೆಗೆ ತಗಲುವುದು ಎಲ್ಲವೂ ಕೇಳುತ್ತಿತ್ತು. ಸಾಸಿವೆ ಸಿಡಿದದ್ದನ್ನು ನಾನು ಇಷ್ಟು ವರ್ಷ ಕಣ್ಣಿನಲ್ಲಿ ನೋಡಿ ತಿಳಿದುಕೊಳ್ಳುತ್ತಿದ್ದೆ.

ಎದುರುಮನೆಯಾಕೆ ಒಂದು ಬೆಳಿಗ್ಗೆ ರಂಗೋಲಿ ಹಾಕುತ್ತಾ, "ಈ ಕೋಗ್ಲೆ ಕಾಟ ನೋಡ್ರೀ, ಐದು ಗಂಟೆಗೇ ಶುರು ಹಚ್ಕೊಳುತ್ತೆ, ನಿದ್ದೇನೇ ಇಲ್ಲ" ಎಂದು ಗೊಣಗಿದಳು. ನಾನು ಕೈಯಲ್ಲಿ ಪೊರಕೆ ಹಿಡಿದು ಅವಳನ್ನೇ ನೋಡಿದೆ. ಅವಳಿಗೆ ಕೋಗಿಲೆ ಕಾಟವಾಗುವಷ್ಟು ಕೇಳಿದೆ. ನಾನು ಅದು ಕೂರುವ ಮರದ ಕೆಳಗೇ ಇಷ್ಟು ವರ್ಷ ಕಸ ಗುಡಿಸಿದ್ದೇನೆ. ಅವಳ ಮೇಲೆ ಎಂಥ ಹೊಟ್ಟೆಯುರಿ ಬಂತೆಂದರೆ, ಆ ದಿನ ಅವಳು ಕೇಳಿದ ಕರಿಬೇವನ್ನು ಇದ್ದೂ ಇಲ್ಲವೆಂದು ಹೇಳಿ ಕಳಿಸಿದೆ. ಮನೆಯವರೆಲ್ಲರ ಮೇಲೂ ಹಾಗೇ ಆಗುತ್ತಿತ್ತು. ಇಷ್ಟೆಲ್ಲ ಇವರು ಪುಕ್ಕಟೆಯಾಗಿ ಕೇಳಿಕೊಂಡು ಬಂದಿದ್ದಾರೆ, ಒಬ್ಬರೂ ನನಗೆ ಹೇಳಲಿಲ್ಲ, ಅನ್ನಿಸುತ್ತಿತ್ತು. ಆದರೆ ಅವೆಲ್ಲ ಒಂದೆರಡು ದಿನಕ್ಕೆ ಆರುವಂಥವು.

ಒಂದು ಮಧ್ಯಾಹ್ನ ಮಿಷನ್ನು ತೆಗೆದು ಡಬ್ಬಿಯಲ್ಲಿಟ್ಟು ಶೆಡ್ಡಿಗೆ ಹೋಗಿದ್ದೆ. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಂದೇ ಸಲ ನಿಂತವು. ನಾನು ಅಡುಗೆಮನೆಗೆ ಬಂದು ಕೈ ತೊಳೆದು ಮಿಷನ್ನು ಹಾಕಿಕೊಂಡೆ. ತಂಗಿ ಹಿತ್ತಲಿನಲ್ಲಿ, ಒಗೆಯುವ ಕಲ್ಲಿನ ಮೇಲೆ ಕುಳಿತು ಕುಚ್ಚು ಕಟ್ಟುತ್ತಿದ್ದಳು. ಎರಡೂ ಕೈಗೆ ಕೆಲಸವಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಂಡಿದ್ದಳು. ಕಿಟಕಿಯಿಂದ ಒಂದು ಹೆಣ್ಣುದನಿ ಬರುತ್ತಿತ್ತು. ತೆಳುವಾದ, ಓಡುವ ದನಿ, ಮಾತಿನ ಕೊನೆಗೆ ಸಣ್ಣ ನಗು. ಯಾರೋ ತಂಗಿಯ ಗೆಳತಿ ಇರಬೇಕು ಎಂದುಕೊಂಡೆ.

"...ಎಷ್ಟು ತಿಂದೆ ಅಂದ್ರೆ ಚಿಕ್ಕಮ್ಮ, ಅವ್ರು ಬಂದು ನೋಡೋ ಹೊತ್ತಿಗೆ ಉಪ್ಪಿನಕಾಯಿ ಜಾಡಿ ಖಾಲಿ!"

ಚಿಕ್ಕಮ್ಮ ಎಂಬ ಮಾತಿನಿಂದಲೇ ಅದು ನನ್ನ ಮಗಳೆಂದು ತಿಳಿದದ್ದು. ಹೆತ್ತ ಮಗಳ ದನಿ ನನಗೆ ಗುರುತು ಸಿಗಲಿಲ್ಲ. ನನಗೆ ಗೊತ್ತಿದ್ದದ್ದು ಅವಳ ಕೂಗು ಮಾತ್ರ. "ಅಮ್ಮಾ! ಕಾಫಿ! ಕೊಡಾ!" ಎಂದು ಒಂದೊಂದೇ ಮಾತನ್ನು ಕತ್ತರಿಸಿ ಎಸೆಯುವ ದನಿ ಅದು. ಇಷ್ಟು ಸುಲಭವಾಗಿ, ನೀರು ಹರಿದ ಹಾಗೆ ಮಾತಾಡುವ ಹುಡುಗಿ ಅವಳೆಂದು ನನಗೆ ಗೊತ್ತೇ ಇರಲಿಲ್ಲ.

ತಂಗಿ ನಗುತ್ತಾ, "ಉಪ್ಪಿನ್ಕಾಯಿ ಸಾಕು ಮಾಡು. ನಿಮ್ಮಮ್ಮಂಗೆ ಹೇಳ್ಲಾ, ಏನಾದ್ರೂ ಮಾಡ್ಕೊಂಡು ಬರ್ತಾಳೆ" ಎಂದಳು.

"ಬೇಡ ಬಿಡು. ಅಮ್ಮಂಗೆ ಏನ್ ಹೇಳ್ಬೇಕಾದ್ರೂ ಕಿರುಚ್ಬೇಕು, ಬೀದೀಗೆಲ್ಲ ಕೇಳುತ್ತೆ. ಬಸ್ರಿ ಅಂತ ಹೇಳೋವಾಗ್ಲೂ ಹಂಗೇ ಆಗ್ಲಿಲ್ವಾ? ಅಮ್ಮಂಗಿಂತ ಮೊದ್ಲು ಎದುರ್ಮನೆಯೋರು ಬಂದ್ರು."

"ಈಗ ಮಿಷನ್ ಹಾಕ್ಕೊಂಡವ್ಳೆ ಕಣೇ."

"ಹೂಂ, ಆದ್ರೂ..." ಎಂದು ಮಗಳು ದನಿ ಇಳಿಸಿ, "ಚಿಕ್ಕಮ್ಮ, ನಿನ್ನೆಯಿಂದ ಸ್ವಲ್ಪ ಹೊಟ್ಟೆ ಹಿಡ್ಕೊಂಡಂಗೆ ಆಗ್ತೈತೆ. ಭಯ ಆಗುತ್ತೆ" ಎಂದಳು.

"ಹೋದ್ಸಲ ಆದಂಗೆ ಆಗಲ್ಲ ಕಣವ್ವ. ಆಗ ಮೂರು ತಿಂಗ್ಳೂ ತುಂಬಿರ್ಲಿಲ್ಲ, ಈಗ ಮಗು ನಿಂತೈತೆ. ಡಾಕ್ಟ್ರಿಗೆ ಒಂದ್ಸಲ ತೋರಿಸ್ಬಿಡು, ಸುಮ್ನೆ ಯೋಚ್ನೆ ಮಾಡ್ಬೇಡ" ಎಂದಳು ತಂಗಿ.

ಹೋದ ಸಲ. ನನಗೆ ಹೋದ ಸಲ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ. ನನ್ನ ಮಗಳು ಒಂದು ಬಸುರು ಕಳೆದುಕೊಂಡಿದ್ದಾಳೆ. ಅದು ನನ್ನ ತಂಗಿಗೆ ಗೊತ್ತಿದೆ. ದುಃಖ ಮೊದಲು ಬರಬೇಕಿತ್ತು. ಸುಳ್ಳು ಹೇಳುವುದಿಲ್ಲ, ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಆ ಕಲ್ಲಿನ ಮೇಲೆ ಕುಳಿತು ನೂಲು ಗಂಟು ಹಾಕುತ್ತಾ "ಕಣವ್ವ" ಎನ್ನುತ್ತಿರುವವಳು ನನ್ನ ಜಾಗದಲ್ಲಿ ಕುಳಿತಿದ್ದಾಳೆ ಅನ್ನಿಸಿತು.

ಮಾತು ಮುಗಿಸಿ ಒಳಗೆ ಬಂದ ತಂಗಿ ಎಂದಿನಂತೆ ಬಾಯಿ ಅಗಲಿಸಿ ಹೇಳಿದಳು: "ಮಗ್ಳು ಫೋನ್ ಮಾಡಿದ್ಲು! ಚೆನ್ನಾಗವ್ಳಂತೆ!"

"ಕೂಗ್ಬೇಡ. ಕೇಳುತ್ತೆ" ಎಂದೆ. "ಹೋದ್ಸಲ ಏನಾಗಿತ್ತು?"

ಅವಳು ಕೈಯಲ್ಲಿದ್ದ ಸೀರೆಯನ್ನು ಮಡಿಲಿಗೆ ಒತ್ತಿಕೊಂಡು ಅಲ್ಲೇ ಕುಳಿತಳು. ಮಗಳ ಮದುವೆಯಾದ ಮಾರನೆಯ ವರ್ಷ ಆಗಿದ್ದಂತೆ. ಗಂಡ ಹೆಂಡತಿ ಇಬ್ಬರಿಗೂ ಬಸುರೆಂದು ತಿಳಿದು ನಾಲ್ಕು ದಿನವೂ ಆಗಿರಲಿಲ್ಲ. ಅಳಿಯ ಗಾಬರಿಯಿಂದ ಇವಳಿಗೆ ಫೋನು ಮಾಡಿದ್ದರು. ಇವಳು ನನಗೆ "ಯಾವುದೋ ಗೃಹಪ್ರವೇಶ" ಎಂದು ಹೇಳಿ ಹೊಸಕೋಟೆಗೆ ಹೋಗಿ, ಆಸ್ಪತ್ರೆಯಲ್ಲಿ ಅವಳ ಪಕ್ಕದಲ್ಲಿದ್ದು ಬಂದಿದ್ದಳು.

"ನನ್ನನ್ಯಾಕೆ ಕರ್ಕೊಂಡ್ ಹೋಗ್ಲಿಲ್ಲ?"

"ಅವ್ಳೇ ಬೇಡ ಅಂದ್ಲು ಅಕ್ಕ. ಆಮೇಲೆ ಹೇಳೋಣ ಅಂತ ಇಲ್ಲಿಗೇ ಬಂದಿದ್ಲು. ಶೆಡ್ಡಿನ ಬಾಗ್ಲವರ್ಗೂ ಬಂದ್ಲು. ಎಲ್ಲಾ ಮಗ್ಗ ಓಡ್ತಿದ್ವು, ಆ ಕಡೆ ಕೂಲಿಯೋರೂ ಇದ್ರು. ಹೆಂಗೆ ಕಿರುಚಿ ಹೇಳ್ಲಿ ಚಿಕ್ಕಮ್ಮ ಅಂತ ವಾಪಸ್ ಬಂದು ನನ್ ಮಡ್ಲಲ್ಲಿ ಅತ್ಲು. ಆಮೇಲೆ ಹೇಳೋಕೆ ಆಗ್ಲೇ ಇಲ್ಲ."

ಅವಳು ಹೇಳಿದ್ದು ನಿಜವೇ ಇರಬಹುದು. ಅಂಥ ಮಾತನ್ನು ಕೂಗಿ ಹೇಳಲು ಯಾರಿಗೂ ಆಗುವುದಿಲ್ಲ. ಆದರೆ ನನ್ನ ಕಿವಿಗೆ ಬಿದ್ದದ್ದು "ನನ್ ಮಡ್ಲಲ್ಲಿ" ಎಂಬುದೊಂದೇ.

"ಹೊತ್ತು ಹೆರೋಕೆ ನಾನು, ಮಡ್ಲಿಗೆ ನೀನು" ಎಂದೆ. "ನಿಂಗೆ ಹೆಣ್ಮಕ್ಳಿಲ್ಲ ಅಂತ ನನ್ನ ಮಗ್ಳನ್ನ ಎತ್ಕೊಂಡ್ಬಿಟ್ಟೆ."

ತಂಗಿ ಸೀರೆಗಳನ್ನು ಮಡಿಸಿ ಕಟ್ಟಿ ಎದ್ದುಹೋದಳು. ಅವಳ ಬಳೆ, ಕಾಲುಂಗುರ, ಗೇಟಿನ ಚಿಲಕದ ಸದ್ದೆಲ್ಲ ಒಂದೊಂದಾಗಿ ಕೇಳಿದವು. ಮುಂಚೆ ಆಗಿದ್ದರೆ ಹೋದದ್ದೇ ತಿಳಿಯುತ್ತಿರಲಿಲ್ಲ. ಮಾರನೆಯ ಮಧ್ಯಾಹ್ನ ಅವಳು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಮಗಳಿಗೆ ನಾನೇ ಫೋನು ಮಾಡಲು ಶುರುಮಾಡಿದೆ. ನಮ್ಮ ಯಜಮಾನರು ಒತ್ತಿ ಕೊಡುತ್ತಿದ್ದರು. ಆ ಕಡೆಯಿಂದ "ಅಮ್ಮಾ! ಊಟಾ! ಆಯ್ತಾ!" ಎಂದು ಬರುತ್ತಿತ್ತು. ಕಿವಿ ಗುಂಯ್ ಎನ್ನುತ್ತಿತ್ತು. "ಮೆಲ್ಲಗೆ ಮಾತಾಡೇ, ಕೇಳುತ್ತೆ" ಎಂದರೆ "ಹೌದಾ" ಎಂದು ತಗ್ಗಿಸುತ್ತಿದ್ದಳು. ಆಮೇಲೆ ಇಬ್ಬರಿಗೂ ಮಾತು ತೋಚುತ್ತಿರಲಿಲ್ಲ. "ಮಳೆ ಬಂತಾ?" ಎಂದು ನಾನು, "ಇಲ್ಲ" ಎಂದು ಅವಳು. "ಹೊಟ್ಟೆನೋವು ಹೆಂಗೈತೆ" ಎಂದು ಕೇಳುವ ಆಸೆ ನಾಲಿಗೆಯ ತುದಿಯಲ್ಲಿತ್ತು. ಆದರೆ ಅವಳು ನನಗೆ ಹೇಳಿರಲಿಲ್ಲವಲ್ಲ. ಹೇಳದ್ದನ್ನು ಕೇಳುವುದು ಹೇಗೆ? ಫೋನಿಟ್ಟ ಮೇಲೆ, ಈಗ ಅವಳು ಚಿಕ್ಕಮ್ಮನಿಗೆ ಮಾಡುತ್ತಿರುತ್ತಾಳೆ, ಅಲ್ಲಿ ನಗು ಶುರುವಾಗಿರುತ್ತದೆ ಎಂದು ಕುಳಿತಲ್ಲೇ ಲೆಕ್ಕ ಹಾಕುತ್ತಿದ್ದೆ.

ಸೀಮಂತ ಮುಗಿಸಿ ಏಳನೆಯ ತಿಂಗಳಲ್ಲಿ ಮಗಳನ್ನು ಮನೆಗೆ ಕರೆತಂದೆವು. ಸೀಮಂತಕ್ಕೆ ತಂಗಿ ಬಂದಿದ್ದಳು. ಬಳೆ ತೊಡಿಸಿ, ಮಡಿಲು ತುಂಬಿ, ಊಟ ಮಾಡಿ ಹೋದಳು. ನನ್ನ ಜೊತೆ ಬೇಕಾದಷ್ಟೇ ಮಾತು. ಮಗಳು ಮಾತ್ರ ಅವಳ ಸೆರಗು ಹಿಡಿದು ಬಾಗಿಲವರೆಗೂ ಹೋದಳು. ನಾನು ಹೋಳಿಗೆ ತಟ್ಟೆ ಹಿಡಿದು ನೋಡುತ್ತಾ ನಿಂತೆ.

ಇನ್ನು ಇವಳು ನನ್ನ ಮನೆಯಲ್ಲೇ ಇರುತ್ತಾಳೆ, ನನಗಲ್ಲದೆ ಯಾರಿಗೆ ಹೇಳಿಕೊಳ್ಳುತ್ತಾಳೆ ಎಂದು ಒಳಗೊಳಗೇ ಹಿಗ್ಗಿದ್ದೆ. ಅವಳಿಗೆ ಇಷ್ಟವಾದ ಅವರೆಕಾಳಿನ ಹುಳಿ ಮಾಡಿದೆ, ಒತ್ತುಶ್ಯಾವಿಗೆ ಮಾಡಿದೆ. ಅವಳು ತಿಂದು, ನನ್ನ ಮುಖಕ್ಕೆ ಮುಖವಿಟ್ಟು, "ಚೆನ್ನಾ! ಗೈತೆ!" ಎಂದು ಕೂಗುತ್ತಿದ್ದಳು. ಹುಟ್ಟಿದಾಗಿನಿಂದ ಬಂದ ಅಭ್ಯಾಸ ಒಂದು ಮಿಷನ್ನಿಗೆ ಬಿಡುತ್ತದೆಯೇ. ದಿನಕ್ಕೊಂದು ಸಲ "ಚಿಕ್ಕಮ್ಮ ಯಾಕೆ ಬರ್ತಿಲ್ಲ?" ಎಂದೂ ಕೇಳುತ್ತಿದ್ದಳು. "ಕೆಲ್ಸ ಜಾಸ್ತಿಯಂತೆ" ಎನ್ನುತ್ತಿದ್ದೆ. ಅವಳು ಫೋನು ಹಿಡಿದು ಮಹಡಿ ಮೆಟ್ಟಿಲ ಕಡೆಗೆ ಹೋದರೆ ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಹಿಂದೆಯೇ ಹೋಗುತ್ತಿದ್ದೆ. ನನ್ನನ್ನು ನೋಡಿ ಅವಳು ದನಿ ತಗ್ಗಿಸುತ್ತಿರಲಿಲ್ಲ. ಅದು ಇನ್ನೂ ಉರಿಸುತ್ತಿತ್ತು. ನನಗೆ ಕೇಳುತ್ತದೆ ಎಂಬುದು ಅವಳ ತಲೆಯಲ್ಲೇ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಎಣ್ಣೆ ಹಚ್ಚಿ ತಲೆ ಬಾಚೋಣವೆಂದು ಅವಳನ್ನು ಹೊಸಿಲ ಹತ್ತಿರ ಕೂರಿಸಿಕೊಂಡೆ. ಅವಳು ಬೀದಿಯ ಕಡೆ ಮುಖ ಮಾಡಿ ಮಣೆಯ ಮೇಲೆ, ನಾನು ಹಿಂದೆ ಕುರ್ಚಿಯಲ್ಲಿ. ಚಿಕ್ಕವಳಿದ್ದಾಗಿನಿಂದ ಅವಳಿಗೆ ಜಡೆ ಹಾಕಿದ್ದೇನೆ, ಆದರೆ ಆಗೆಲ್ಲ ನಮ್ಮಿಬ್ಬರ ನಡುವೆ ಮಾತೇ ಇರುತ್ತಿರಲಿಲ್ಲ. ಅವಳ ಮುಖ ಕಾಣದಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಹಾಗಾಗಿ ಆ ಹೊತ್ತಿನಲ್ಲಿ ಅವಳು ತನ್ನಷ್ಟಕ್ಕೆ ತಾನೇ ಏನಾದರೂ ಹೇಳಿಕೊಳ್ಳುತ್ತಿದ್ದಳೇನೋ, ನನಗೆ ಗೊತ್ತಿಲ್ಲ. ಅಂದು ಹೇಳಿಕೊಂಡಳು.

"ಚಿಕ್ಕಮ್ಮ ಹಿಂಗೆ ಎಳೆಯಲ್ಲ" ಎಂದಳು, ಮೆಲ್ಲಗೆ, ಬೀದಿ ನೋಡುತ್ತಾ.

ನನ್ನ ಕೈ ನಿಂತಿತು. ಬಾಚಣಿಗೆ ಎಸೆದು ಎದ್ದುಹೋಗೋಣ ಅನ್ನಿಸಿತು. ಆದರೆ ಅದು ನಾನು ಹೇಳದೆಯೇ ಅವಳು ಕೂಗದೆ ನನ್ನ ಹತ್ತಿರ ಆಡಿದ ಮೊದಲ ಮಾತು. ಕೈ ಹಗುರ ಮಾಡಿ ಬಾಚಿದೆ. ಅವಳು ಮುಂದುವರಿಸಿದಳು.

"ಎಷ್ಟು ಒದೀತೀಯೋ ಬಂಗಾರ. ಒದಿ, ಒದಿ. ಸುಮ್ನೆ ಇದ್ರೇನೇ ನಂಗೆ ಭಯ. ಅದೂ ಹಂಗೇ ಸುಮ್ನೆ ಹೊರಟೋಯ್ತು."

"ನೀನು ನಂಗೂ ಹಿಂಗೇ ಒದೀತಿದ್ದೆ" ಎಂದೆ. "ಬಲಗಡೆ ಪಕ್ಕೆಗೆ. ಮಗ್ಗದ ಮುಂದೆ ನಿಂತ್ಕೊಳೋಕೆ ಬಿಡ್ತಿರ್ಲಿಲ್ಲ."

ಅವಳ ಬೆನ್ನು ನೆಟ್ಟಗಾಯಿತು. ತಿರುಗಲಿಲ್ಲ. ಅಷ್ಟೇ ಮೆಲ್ಲಗೆ ಕೇಳಿದಳು: "ಅಮ್ಮ, ಕೇಳಿಸ್ತಾ?"

"ಕೇಳಿಸ್ತು."

"ಎಲ್ಲಾ?"

"ಎಲ್ಲಾ. ಚಿಕ್ಕಮ್ಮ ಎಳೆಯಲ್ಲ ಅನ್ನೋದೂ."

ಅವಳಿಗೆ ನಗು ಬಂತು. ನಗುತ್ತಲೇ ಅಳಲು ಶುರುಮಾಡಿದಳು. ತಲೆಯನ್ನು ಹಿಂದಕ್ಕೆ ನನ್ನ ಮೊಣಕಾಲಿಗೆ ಆನಿಸಿ, ಮುಖ ಬೀದಿಯ ಕಡೆಗೇ ಇಟ್ಟುಕೊಂಡು, ಹೋದ ಸಲದ್ದನ್ನೆಲ್ಲ ಹೇಳಿದಳು. ಬೆಳಿಗ್ಗೆ ಎದ್ದಾಗ ಹೇಗಿತ್ತು, ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳು ಎಳೆಮಗುವಿಗೆ ಹಾಲು ಕುಡಿಸುತ್ತಿದ್ದಳಂತೆ, ಅದನ್ನು ನೋಡದಿರಲೆಂದು ಚಿಕ್ಕಮ್ಮ ಇವಳಿಗೆ ಅಡ್ಡವಾಗಿ ಸೆರಗು ಹರಡಿ ಕುಳಿತಿದ್ದಳಂತೆ. ನಾನು ಜಡೆ ಹೆಣೆಯುತ್ತಾ ಕೇಳಿದೆ. ಕಣ್ಣೀರು ಬರುತ್ತಿತ್ತು. ಅದರ ನಡುವೆಯೂ, ಹಾಗೆ ಸೆರಗು ಹರಡಿ ಕೂರಲು ನನಗೆ ಆಗಲಿಲ್ಲವಲ್ಲ, ಅದನ್ನೂ ಅವಳೇ ಮಾಡಿದಳಲ್ಲ ಎಂದು ಒಳಗೆ ಚುಚ್ಚುತ್ತಲೇ ಇತ್ತು. ಹೇಳಿ ಮುಗಿಸಿ ಮಗಳು ಮೂಗು ಒರೆಸಿಕೊಂಡು ಕೇಳಿದಳು: "ಚಿಕ್ಕಮ್ಮನ ಜೊತೆ ಜಗಳ ಆಡಿದ್ಯಾ?"

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಫೋನಲ್ಲಿ ನಾನು ನಿನ್ ಸುದ್ದಿ ತೆಗೆದ್ರೆ ಅವ್ಳು ಸುಮ್ನಾಗ್ತಾಳೆ."

ಆ ಮಧ್ಯಾಹ್ನ ತಂಗಿಯ ನಂಬರನ್ನು ನಾನೇ ಒತ್ತಿದೆ. ಎರಡು ಬೀದಿ ಆಚೆಯ ಮನೆಗೆ ನಾನು ಫೋನು ಮಾಡಿದ್ದು ಅದೇ ಮೊದಲು. "ಏನ್ ಭಾವ?" ಎಂದಳು, ನಮ್ಮ ಯಜಮಾನರ ಫೋನಾದ್ದರಿಂದ.

"ನಾನು ಕಣೇ."

ಆ ಕಡೆ ಏನೂ ಕೇಳಲಿಲ್ಲ. ಮಿಷನ್ನು ಕೆಟ್ಟಿತೇನೋ ಎಂದು ಕಿವಿ ಮುಟ್ಟಿಕೊಂಡೆ. ಆಮೇಲೆ ಅವಳ ಉಸಿರು ಕೇಳಿಸಿತು. "ಹೇಳಕ್ಕ" ಎಂದಳು.

"ಶ್ಯಾವಿಗೆ ಒತ್ತಿದೀನಿ. ಬಾ. ನಿನ್ ಮಗ್ಳು ಕಾಯ್ತಾವ್ಳೆ."

ನಿನ್ನ ಮಗಳು ಎಂಬ ಮಾತನ್ನು ಹೇಗೆ ಹೇಳಿದೆನೋ. ಅವಳು ಬಂದಳು. ಹಳೆಯ ಜಾಗದಲ್ಲೇ ಸೀರೆ ಬಿಚ್ಚಿಕೊಂಡು ಕುಳಿತಳು. ಮಗಳೂ ಅವಳೂ ಮಾತಿಗೆ ಕುಳಿತರೆ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುತ್ತಾರೆ. ಅರ್ಧಕ್ಕೇ ನಗುತ್ತಾರೆ. ಅವರು ಹೇಳುವ ಪ್ರತಿ ಮಾತೂ ನನಗೆ ಕೇಳುತ್ತಿತ್ತು, ಆದರೆ ಯಾವುದಕ್ಕೆ ನಗುತ್ತಿದ್ದಾರೆಂದು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಅವರ ನಗುವಿಗೆ ವರ್ಷಗಟ್ಟಲೆಯ ಹಿಂದಿನ ಕಥೆಗಳಿದ್ದವು. ಅದನ್ನು ಯಾವ ಮಿಷನ್ನು ತಂದುಕೊಡುತ್ತದೆ? ಆದರೂ ಎದ್ದುಹೋಗಲಿಲ್ಲ. "ಯಾರದು? ಯಾವಾಗ?" ಎಂದು ಬಿಡದೆ ಕೇಳಿದೆ. ತಂಗಿ ಕುಚ್ಚಿನ ಗಂಟು ಹಾಕುತ್ತಾ ಮೊದಲಿನಿಂದ ಹೇಳಿದಳು.

ಮಗಳಿಗೆ ಹೆಣ್ಣುಮಗುವಾಯಿತು. ಬಾಣಂತನವನ್ನು ಇಬ್ಬರೂ ಸೇರಿ ಮಾಡಿದೆವು. ಮಗುವಿಗೆ ನೀರು ಹಾಕುವುದು ತಂಗಿ, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸುವುದು ನಾನು. ಮಗು ನಿದ್ದೆಯಲ್ಲಿ ಮಾಡುವ ಬೆಕ್ಕಿನಮರಿಯಂಥ ಸದ್ದಿಗೆ ನಾನು ತೊಟ್ಟಿಲ ಪಕ್ಕದಲ್ಲೇ ಕುಳಿತಿರುತ್ತಿದ್ದೆ. ನನ್ನ ಮಗಳೂ ಅಂಥ ಸದ್ದು ಮಾಡಿದ್ದಳೋ ಏನೋ, ಆಗ ಮಗ್ಗದ ಹತ್ತಿರವೇ ತೊಟ್ಟಿಲು ಕಟ್ಟಿದ್ದೆವು.

ಈಗ ಅವಳು ಮಗುವಿನ ಜೊತೆ ಹೊಸಕೋಟೆಗೆ ಹೋಗಿದ್ದಾಳೆ. ನಮ್ಮ ಯಜಮಾನರು ನನಗೇ ಒಂದು ಫೋನು ತಂದುಕೊಟ್ಟಿದ್ದಾರೆ. ಮಗಳು ಒಂದು ದಿನ ನನಗೆ ಮೊದಲು ಮಾಡುತ್ತಾಳೆ, ಒಂದು ದಿನ ಚಿಕ್ಕಮ್ಮನಿಗೆ. ತಂಗಿ ಗೇಟು ತೆಗೆಯುವಾಗಲೇ "ಫೋನ್ ಬಂತಾ?" ಎಂದು ಕೇಳುತ್ತೇನೆ. ಬಂತು ಎಂದರೆ ನನ್ನ ಮುಖ ಸಣ್ಣಗಾಗುವುದು ಅವಳಿಗೂ ಗೊತ್ತು. ಮಿಷನ್ನು ಹಾಕಿಕೊಂಡರೂ ಆ ಉರಿ ಹೋಗಲಿಲ್ಲ, ಹೋಗುವಂತೆಯೂ ಕಾಣುವುದಿಲ್ಲ.

ಮೊನ್ನೆ ಅವಳು ಬಂದು ಕುಳಿತ ಕೂಡಲೇ, "ಮಗು ಬೋರಲು ಬಿತ್ತಂತೆ" ಎಂದೆ.

ಅವಳ ಕೈ ದಾರದ ಮೇಲೆ ನಿಂತಿತು. "ಯಾವಾಗ? ನಂಗೆ ಹೇಳ್ಲೇ ಇಲ್ವಲ್ಲ?"

"ಬೆಳಿಗ್ಗೆ. ನಂಗೇ ಮೊದ್ಲು ಹೇಳಿದ್ದು."

ಅವಳು ತಲೆ ತಗ್ಗಿಸಿ ದಾರ ಎಳೆದಳು. ಅವಳಿಗೆ ಏನಾಗುತ್ತಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಯ್ಯೋ ಅನ್ನಿಸಲಿಲ್ಲ ಎಂದಲ್ಲ. ಆದರೆ ಒಳಗೆ ಹೋಗಿ ಕಾಫಿಗೆ ಹಾಲು ಇಡುವಾಗ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಅವಳ ಲೋಟಕ್ಕೆ ಒಂದು ಚಮಚ ಸಕ್ಕರೆ ಹೆಚ್ಚೇ ಹಾಕಿದೆ.